ಹಿಟ್ಟಿನ ಆಕೃತಿ ಮತ್ತು ಸಂಕಲ್ಪ: ಕೇಕ್ ಕಲೆಯನ್ನು ಕುರಿತು

ಹುಟ್ಟುಹಬ್ಬ, ವಿವಾಹ, ನಿವೃತ್ತಿಯ ಬೀಳ್ಕೊಡುಗೆ ಮೊದಲಾದ ಸಮಾರಂಭಗಳಿಗೆ ಬೇಕಾದ ಆಕೃತಿಯ ಕೇಕನ್ನು ಹೇಳಿ ಮಾಡಿಸುವ ರೂಢಿ ಕರ್ನಾಟಕದ ಮಹಾನಗರಗಳನ್ನು ದಾಟಿ ತಾಲ್ಲೂಕು ಕೇಂದ್ರಗಳನ್ನೂ ತಲುಪಿದೆ. ಆನೆ, ಕ್ರಿಕೆಟ್ ಮೈದಾನ, ಹೊಲಿಗೆ ಯಂತ್ರ, ಪುಸ್ತಕಗಳ ರಾಶಿ, ವಕೀಲರ ಕರಿಕೋಟು ಎಲ್ಲವೂ ಹಿಟ್ಟು ಸಕ್ಕರೆಗಳಲ್ಲಿ ರೂಪ ತಳೆಯುತ್ತವೆ. ಕನ್ನಡದ ವಿದ್ವತ್ ವಲಯ ಇದನ್ನು ಪಾಶ್ಚಾತ್ಯರ ಅನುಕರಣೆಯೆಂದೋ ಮನೆಯಲ್ಲಿ ಕುಳಿತವರ ಹವ್ಯಾಸವೆಂದೋ ಬದಿಗೆ ಸರಿಸುವುದೇ ಹೆಚ್ಚು. ಈ ತೀರ್ಮಾನ ಅವಸರದ್ದು. ಹಿಟ್ಟಿನಲ್ಲಿ ಒಂದು ರೂಪವನ್ನು ಮಾಡಿ, ಬಣ್ಣದಿಂದ ಸಿಂಗರಿಸಿ, ಅನಂತರ ಎಲ್ಲರೆದುರು ಅದಕ್ಕೆ ಕತ್ತಿ ಹಾಕುವ ಕ್ರಿಯೆಯನ್ನು ಕುರಿತು ಕನ್ನಡ ಕಾವ್ಯ ಎಂಟುನೂರು ವರ್ಷಗಳ ಹಿಂದೆಯೇ ಆಳವಾಗಿ ಚಿಂತಿಸಿದೆ.

ಜನ್ನನ 'ಯಶೋಧರ ಚರಿತೆ'ಯ (ಕ್ರಿ.ಶ. 1209) ನಡುಕೇಂದ್ರದಲ್ಲಿರುವುದು ಒಂದು ಹಿಟ್ಟಿನ ಕೋಳಿ. ಸೋಮದೇವನ 'ಯಶಸ್ತಿಲಕ' (ಕ್ರಿ.ಶ. 959), ಪುಷ್ಪದಂತನ ಅಪಭ್ರಂಶ ಕಾವ್ಯ 'ಜಸಹರಚರಿಉ', ವಾದಿರಾಜನ ಸಂಸ್ಕೃತ ಕೃತಿ ಇವುಗಳಲ್ಲೆಲ್ಲ ಹರಿದು ಬಂದ ಕಥೆಯಿದು. ರಾಣಿ ಅಮೃತಮತಿಯ ನಡತೆಯನ್ನು ಕಣ್ಣಾರೆ ಕಂಡ ಯಶೋಧರ ಅದನ್ನು ತಾಯಿಯ ಮುಂದೆ ಆಡಲಾರದೆ ಕೆಟ್ಟ ಕನಸಿನ ನೆಪವೊಡ್ಡುತ್ತಾನೆ. ತಾಯಿ ಚಂದ್ರಮತಿ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಜೀವಹತ್ಯೆಗೆ ಮಗ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತೂ ಉಳಿಯಬೇಕು, ಮಗನ ವ್ರತವೂ ಉಳಿಯಬೇಕು ಎಂಬ ರಾಜಿಯಲ್ಲಿ ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಅದರ ಬಣ್ಣದ ಚೆಲುವಿಗೆ ಮರುಳಾದ ಬೆಂತರವೊಂದು ಒಳಹೊಕ್ಕು ಕುಳಿತಿರುತ್ತದೆ. ಕತ್ತಿಯ ಏಟು ಬಿದ್ದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ತಾಯಿಮಕ್ಕಳಿಬ್ಬರೂ ಪ್ರಾಣಿಪಕ್ಷಿಗಳಾಗಿ ಮತ್ತೆ ಮತ್ತೆ ಹುಟ್ಟಿ, ಮತ್ತೆ ಮತ್ತೆ ಕೊಲೆಗೀಡಾಗುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕದಲ್ಲಿ ಇದೇ ಕಥೆಯನ್ನು ಬೇರೊಂದು ದಿಕ್ಕಿನಿಂದ ಎತ್ತಿಕೊಂಡರು.

ಈ ಪ್ರಸಂಗವನ್ನು ಅಹಿಂಸೆಯ ಉಪದೇಶವೆಂದಷ್ಟೇ ಓದುವುದು ವಾಡಿಕೆ. ಆದರೆ ಇದರಲ್ಲಿ ಕಲೆಯ ಬಗೆಗಿನ ಎರಡು ಸೂಕ್ಷ್ಮ ಮಾತುಗಳಿವೆ. ಮೊದಲನೆಯದು, ಆಕೃತಿ ನಿರ್ಜೀವವಾದರೂ ಕತ್ತಿ ಎತ್ತಿದವನ ಮನಸ್ಸಿನಲ್ಲಿರುವುದು ಜೀವವೇ ಎಂಬುದು. ಜೈನ ಪರಿಭಾಷೆಯಲ್ಲಿ ದ್ರವ್ಯಹಿಂಸೆ ಇಲ್ಲದಿದ್ದರೂ ಭಾವಹಿಂಸೆ ನಡೆದುಹೋಗಿದೆ. ಸಂಕಲ್ಪವೇ ಕರ್ಮವನ್ನು ಕಟ್ಟಿದೆ. ಎರಡನೆಯದನ್ನು ವಿಮರ್ಶಕರು ಗಮನಿಸಿದ್ದು ಕಡಿಮೆ. ಬೆಂತರ ಒಳಹೊಕ್ಕಿದ್ದು ಬಲಿಯ ಆಸೆಗಲ್ಲ, ಬಣ್ಣದ ಆಕರ್ಷಣೆಗೆ. ಕುಶಲವಾಗಿ ಮಾಡಿದ ಹೋಲಿಕೆ ತನ್ನೊಳಗೆ ಏನನ್ನೋ ಬರಮಾಡಿಕೊಳ್ಳುತ್ತದೆ. ಹಾಗೆ ಬಂದದ್ದು ಮಾಡಿದವರ ಅಂಕೆಯಲ್ಲಿ ಇರಬೇಕಾಗಿಲ್ಲ ಎಂಬ ಎಚ್ಚರ ಇಲ್ಲಿದೆ.

ಇಂದಿನ ಕೇಕ್ ಕಲಾವಿದರ ಕೈಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಎಚ್ಚರದ ಅರ್ಥ ತಿಳಿಯುತ್ತದೆ. ಆಕೃತಿ ನಿಲ್ಲಬೇಕಾದರೆ ಒಳಗಿನ ಕೇಕು ತುಸು ಬಿಗಿಯಾಗಿರಬೇಕು. ಹಗುರವಾದ ಸ್ಪಂಜ್ ಕೇಕು ಭಾರಕ್ಕೆ ಕುಸಿಯುತ್ತದೆ. ಅದನ್ನು ಪದರಪದರವಾಗಿ ಜೋಡಿಸಿ, ತಂಪಿನಲ್ಲಿಟ್ಟು ಗಟ್ಟಿ ಮಾಡಿ, ಚಾಕುವಿನಿಂದ ಕೆತ್ತಿ, ಮೇಲೆ ಚಾಕೊಲೇಟ್ ಗನಾಶ್ ಅಥವಾ ಬೆಣ್ಣೆಯ ಕ್ರೀಮನ್ನು ಸವರಿ ನುಣುಪು ಮಾಡುತ್ತಾರೆ. ಅದರ ಮೇಲೆ ಲಟ್ಟಿಸಿದ ಫಾಂಡೆಂಟ್ ಎಂಬ ಸಕ್ಕರೆಯ ಹಾಳೆಯನ್ನು ಹೊದಿಸುತ್ತಾರೆ. ಎರಡು ಮೂರು ಅಂತಸ್ತಿನ ಕೇಕಿಗೆ ಒಳಗೆ ಕಡ್ಡಿಗಳ ಆಧಾರ ಬೇಕು. ಹೂದಳ, ಮನುಷ್ಯರ ಗೊಂಬೆ ಮೊದಲಾದವನ್ನು ಬೇಗ ಗಟ್ಟಿಯಾಗುವ ಸಕ್ಕರೆಯ ಕಣಕದಲ್ಲಿ ದಿನಗಳ ಮೊದಲೇ ಮಾಡಿ ಒಣಗಿಸಬೇಕಾಗುತ್ತದೆ. ಸಕ್ಕರೆ ಗಾಳಿಯ ತೇವವನ್ನು ಹೀರುವುದರಿಂದ ಮಂಗಳೂರು, ಉಡುಪಿಗಳ ಮಳೆಗಾಲದಲ್ಲಿ ಫಾಂಡೆಂಟ್ ಬೆವರಿ ಜಾರುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಬಿರುಕು ಬಿಡುತ್ತದೆ. ಸ್ಥಪತಿಗೆ ಕಲ್ಲಿನ ಗುಣ ತಿಳಿದಿರಬೇಕಾದಂತೆ ಇವರಿಗೆ ಸಕ್ಕರೆಯ ಗುಣ ತಿಳಿದಿರಬೇಕು. ಬೆಂಗಳೂರಿನಲ್ಲಿ ಸುಮಾರು ಅರ್ಧ ಶತಮಾನದಿಂದ ವರ್ಷಾಂತ್ಯದಲ್ಲಿ ನಡೆದುಬಂದಿರುವ ಕೇಕ್ ಪ್ರದರ್ಶನದಲ್ಲಿ ಜನ ಸಾಲುಗಟ್ಟಿ ನೋಡುವುದು ಈ ಕೌಶಲವನ್ನೇ. ಆದರೆ ಅಲ್ಲಿಯ ಸಕ್ಕರೆಯ ಅರಮನೆ, ಗೋಪುರಗಳು ನೋಡುವುದಕ್ಕೆಂದೇ ಮಾಡಿದವು. ಸಮಾರಂಭದ ಕೇಕಿನ ಸ್ವಭಾವ ಬೇರೆ. ಕತ್ತರಿಸಿಕೊಳ್ಳುವುದಕ್ಕೆಂದೇ ಅದು ಪೂರ್ಣಗೊಳ್ಳುತ್ತದೆ.

ಹಾಗಾದರೆ ಆನೆಯಾಕಾರದ ಕೇಕನ್ನು ಕತ್ತರಿಸುವ ಮಗುವೂ ಯಶೋಧರನ ಹಾದಿಯಲ್ಲಿದೆಯೆ? ಹಾಗೆ ಹೇಳುವುದು ಕಾವ್ಯವನ್ನು ತಪ್ಪಾಗಿ ಓದಿದಂತೆ. ಇದಕ್ಕೆ ಉತ್ತರ ಕನ್ನಡ ನಾಡಿನ ಮನೆಗಳಲ್ಲೇ ಇದೆ. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕೊಡುವ ಸಕ್ಕರೆ ಅಚ್ಚುಗಳಲ್ಲಿ ಗಿಳಿ, ಆನೆ, ತುಳಸಿಕಟ್ಟೆ, ಗೋಪುರ ಎಲ್ಲವೂ ಇರುತ್ತವೆ. ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ನೀರಿನಲ್ಲಿ ನೆನೆಸಿದ ಮರದ ಅಚ್ಚಿಗೆ ಹೊಯ್ದು ತೆಗೆದ ಆ ಗಿಳಿಯ ಕೊಕ್ಕನ್ನು ಮಕ್ಕಳು ಮೊದಲು ಕಚ್ಚುತ್ತಾರೆ. ಅಲ್ಲಿ ಯಾವ ಬೆಂತರವೂ ಕೂಗುವುದಿಲ್ಲ. ಏಕೆಂದರೆ ಆ ಗಿಳಿ ಯಾವ ಜೀವಕ್ಕೂ ಬದಲಿಯಾಗಿ ನಿಂತದ್ದಲ್ಲ. ಅದು ಹಂಚಿಕೊಳ್ಳುವ ಸಿಹಿಗೆ ಕೊಟ್ಟ ಒಂದು ಚೆಲುವಾದ ರೂಪ. ದೋಷವಿರುವುದು ಪ್ರಾಣಿಯ ಆಕಾರದಲ್ಲಲ್ಲ, ಕೊಲ್ಲುವ ಬಯಕೆಗೆ ಆಕಾರವನ್ನು ಮರೆಯಾಗಿ ಬಳಸುವುದರಲ್ಲಿ.

ವಿಚಿತ್ರವೆಂದರೆ ಇದೇ ವಿವೇಕವನ್ನು ಆಧುನಿಕ ನ್ಯಾಯಾಲಯವೂ ತೋರಿದೆ. 2013ರ ಕ್ರಿಸ್‌ಮಸ್ ಸಂದರ್ಭದಲ್ಲಿ ಕೊಯಮತ್ತೂರಿನಲ್ಲಿ ನಡೆದ ಸಮಾರಂಭವೊಂದರಲ್ಲಿ ಭಾರತದ ಭೂಪಟ, ತ್ರಿವರ್ಣ ಮತ್ತು ಅಶೋಕ ಚಕ್ರಗಳಿದ್ದ ಆರು ಅಡಿಗೆ ಐದು ಅಡಿ ಅಳತೆಯ ಕೇಕನ್ನು ಕತ್ತರಿಸಿ ಹಂಚಲಾಯಿತು. ಇದು ರಾಷ್ಟ್ರಗೌರವಕ್ಕೆ ಅಪಮಾನ ತಡೆಯುವ 1971ರ ಕಾಯಿದೆಯ ಉಲ್ಲಂಘನೆಯೆಂದು ದೂರು ದಾಖಲಾಯಿತು. 2021ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ದೂರನ್ನು ತಳ್ಳಿಹಾಕಿತು. ಹೊರಗಿನ ಕ್ರಿಯೆಯೊಂದರಿಂದ ದೇಶಭಕ್ತಿಯನ್ನು ಅಳೆಯಲಾಗದು, ಅದರ ಹಿಂದಿನ ಉದ್ದೇಶವೇ ನಿಜವಾದ ಒರೆಗಲ್ಲು ಎಂಬುದು ತೀರ್ಪಿನ ಸಾರ. ಜನ್ನನ ಕಾವ್ಯ ರಾಜನನ್ನು ಹೊಣೆಯಾಗಿಸಿದ ತರ್ಕವೂ ನ್ಯಾಯಾಲಯ ಸಂಘಟಕರನ್ನು ಬಿಡುಗಡೆ ಮಾಡಿದ ತರ್ಕವೂ ಒಂದೇ. ಎರಡೂ ಕಡೆ ಕೇಳಿದ ಪ್ರಶ್ನೆ ಸಂಕಲ್ಪದ್ದು.

ಈ ಒರೆಗಲ್ಲಿಗೆ ಹಚ್ಚಿ ನೋಡಿದಾಗ ಇಂದಿನ ಕೆಲವು ಆಚರಣೆಗಳು ನಿಜಕ್ಕೂ ಕಳವಳ ಹುಟ್ಟಿಸುತ್ತವೆ. ನಡುಬೀದಿಯಲ್ಲಿ ತಲವಾರಿನಿಂದ ಕೇಕ್ ಕತ್ತರಿಸಿ ಪೊಲೀಸ್ ಪ್ರಕರಣ ಎದುರಿಸಿದ ಯುವಕರ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಲ್ಲಿ ಕೇಕಿನ ಆಕಾರ ಯಾವುದಾದರೂ ಆಗಿರಲಿ, ಹಿಟ್ಟಿನ ಮೇಲೆ ಬೀಳುವ ಕತ್ತಿ ನೋಡುವವರಿಗೆ ಬೇರೇನನ್ನೋ ಹೇಳುತ್ತಿರುತ್ತದೆ. ಎದುರಾಳಿಯ ಮುಖವನ್ನು, ಗೇಲಿಗೆ ಗುರಿಯಾದವರ ಶರೀರವನ್ನು ಕೇಕಿನಲ್ಲಿ ಮಾಡಿಸಿ ಕೊಯ್ಯುವುದೂ ಇದೇ ಜಾತಿಯದು. ಬರಿಯ ತಮಾಷೆಯೆಂದು ಸಮರ್ಥಿಸಿಕೊಳ್ಳುವವರು ಬರಿಯ ಹಿಟ್ಟೆಂದು ಮಗನನ್ನು ಒಪ್ಪಿಸಿದ ಚಂದ್ರಮತಿಯ ಮಾತನ್ನೇ ಆಡುತ್ತಿರುತ್ತಾರೆ.

ಸಂಕಲ್ಪದ ಪ್ರಶ್ನೆ ಆಕಾರಕ್ಕಷ್ಟೇ ನಿಲ್ಲದೆ ದ್ರವ್ಯಕ್ಕೂ ವ್ಯಾಪಿಸುತ್ತದೆ. ಕನ್ನಡದ ಪಾಕಶಾಸ್ತ್ರ ಪರಂಪರೆ ದ್ರವ್ಯದ ವಿಚಾರದಲ್ಲಿ ಬಹಳ ಜಾಗರೂಕವಾದದ್ದು. ಕ್ರಿ.ಶ. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೂ ಸ್ಥಾನವಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮುಮ್ಮಡಿ ಮಂಗರಸ ತನ್ನ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದು, ಹಿಟ್ಟಿನ ತಿನಿಸುಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಈ ಇಬ್ಬರಿಗೂ ರುಚಿ ಮತ್ತು ಶುದ್ಧಿ ಪರಸ್ಪರ ವಿರೋಧಿಗಳಾಗಿ ಕಾಣಲಿಲ್ಲ. ಇಂದು ಅಹಿಂಸಾವ್ರತದ ಮನೆಯವರು ಮೊಟ್ಟೆಯಿಲ್ಲದ ಕೇಕು ಬೇಕೆಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಮೊಟ್ಟೆಯ ಬದಲು ಮೊಸರು ಅಥವಾ ಮಂದಗೊಳಿಸಿದ ಹಾಲು ಬಂದಿರುತ್ತದೆ. ಆದರೆ ಮೇಲೆ ಹೊದಿಸಿದ ಫಾಂಡೆಂಟಿನಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲಾಟಿನ್ ಇರಬಹುದು. ಗಟ್ಟಿಯಾದ ಬಿಳಿಯ ಐಸಿಂಗಿನಲ್ಲಿ ಮೊಟ್ಟೆಯ ಬಿಳಿ ಇರಬಹುದು. ಮಿಠಾಯಿ ಉದ್ಯಮ ಬಳಸುವ ಕಾರ್ಮೈನ್ ಎಂಬ ಕೆಂಪು ಬಣ್ಣ ಕೀಟಗಳಿಂದ ಬಂದದ್ದು. ಜಿಲಾಟಿನ್ ಇಲ್ಲದ ಫಾಂಡೆಂಟ್ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಕೇಳಿದರೆ ಮಾತ್ರ ಬಳಸುತ್ತಾರೆ. ಬಣ್ಣದ ಅಪಾಯ ವ್ರತಸ್ಥರಿಗೆ ಮಾತ್ರ ಸೀಮಿತವೂ ಅಲ್ಲ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷೆಗೊಳಪಡಿಸಿದ 235 ಕೇಕ್ ಮಾದರಿಗಳಲ್ಲಿ 12 ಕೃತಕ ಬಣ್ಣಗಳ ಕಾರಣದಿಂದ ಅಸುರಕ್ಷಿತವೆಂದು ಕಂಡುಬಂದವು. ಕಣ್ಣಿಗೆ ಗಾಢವಾದ ಬಣ್ಣವೇ ಬೇಕೆಂಬ ಹಟ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಉಳಿದದ್ದು ಮಾಡುವವರ ಪ್ರಶ್ನೆ. ಯಶೋಧರನ ಕಥೆಯಲ್ಲಿ ಕರ್ಮಫಲ ರಾಜನಿಗೂ ಅವನ ತಾಯಿಗೂ ಸಲ್ಲುತ್ತದೆ. ಕೋಳಿಯನ್ನು ರೂಪಿಸಿದ ಕೈಯ ಹೊಣೆಯೇನು ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಗುವುದಿಲ್ಲ. ಇಂದಿನ ಸಮಾರಂಭಗಳಲ್ಲಿಯೂ ಹಾಗೆಯೇ. ಕತ್ತರಿಸುವವರ ಭಾವಚಿತ್ರ ಉಳಿಯುತ್ತದೆ, ಮಾಡಿದವರ ಹೆಸರು ಉಳಿಯುವುದಿಲ್ಲ. ಈ ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿ ಮನೆಯ ಒಲೆಯನ್ನೇ ಕಾರ್ಯಾಗಾರ ಮಾಡಿಕೊಂಡ ಸ್ತ್ರೀಯರು. ಗ್ರಾಹಕರು ಮೊಬೈಲಿನಲ್ಲಿ ಯಾವುದೋ ಚಿತ್ರ ಕಳುಹಿಸಿ ಅದರಂತೆಯೇ ಆಗಬೇಕೆನ್ನುತ್ತಾರೆ. ಆಗ ಕಲಾವಿದೆ ಪ್ರತಿಮಾಡುವ ಯಂತ್ರವಾಗುತ್ತಾಳೆ. ಪ್ರಾಚೀನ ಕವಿಗೂ ಆಶ್ರಯದಾತನಿದ್ದ, ಕೇಳಿದ ಪ್ರಸಂಗಕ್ಕೆ ಬರೆಯುವ ಒತ್ತಾಯವಿತ್ತು. ಆದರೂ ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ ಒಬ್ಬ ದೊರೆಯ ರಾಜಿಯ ಬುದ್ಧಿಯನ್ನೇ ಕಾವ್ಯವಸ್ತುವಾಗಿಸಿದ. ಹೇಳಿ ಮಾಡಿಸಿದ ಕಲೆಯೂ ಸ್ವತಂತ್ರ ವಿವೇಕವನ್ನು ಉಳಿಸಿಕೊಳ್ಳಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದುದರಿಂದ ಕೇಕ್ ಮಾಡುವವರಿಗೆ ಎರಡು ಹಕ್ಕುಗಳು ಸಲ್ಲಬೇಕು. ಈ ಆಕಾರ ಏತಕ್ಕೆ ಎಂದು ಕೇಳುವ ಹಕ್ಕು ಮೊದಲನೆಯದು. ಉತ್ತರ ಒಪ್ಪಿಗೆಯಾಗದಿದ್ದಾಗ ಬೇರೊಂದು ಆಕಾರವನ್ನು ಸೂಚಿಸುವ, ಅಗತ್ಯಬಿದ್ದರೆ ನಿರಾಕರಿಸುವ ಹಕ್ಕು ಎರಡನೆಯದು. ತಾತನ ಎಂಬತ್ತನೆಯ ವರ್ಷಕ್ಕೆ ಅವರ ಮುಖದ ಬದಲು ಅವರು ಬಳಸಿದ ಹಳೆಯ ಟೈಪ್‌ರೈಟರನ್ನು ಮಾಡಿಕೊಡುವ ಕಲಾವಿದೆ ಕುಟುಂಬಕ್ಕೆ ಹೆಚ್ಚಿನದನ್ನೇ ಕೊಡುತ್ತಾಳೆ. ಮುಖವನ್ನು ಕೊಯ್ಯುವಾಗ ಕೈ ಅಳುಕುತ್ತದೆ. ಟೈಪ್‌ರೈಟರಿನ ಒಂದೊಂದು ಕೀಲಿಯನ್ನು ಮೊಮ್ಮಕ್ಕಳು ನಗುತ್ತ ಹಂಚಿಕೊಳ್ಳುತ್ತಾರೆ. ಆ ಅಳುಕನ್ನು ಮೂಢನಂಬಿಕೆಯೆಂದು ಕಡೆಗಣಿಸಬೇಕಾಗಿಲ್ಲ. ಹಿಟ್ಟಿನ ಕೋಳಿಯ ಕೂಗನ್ನು ಎಂಟು ಶತಮಾನ ಕೇಳುತ್ತ ಬಂದ ಭಾಷೆಯೊಂದರಲ್ಲಿ ಬೆಳೆದ ಮನಸ್ಸಿಗೆ ಆ ಅಳುಕು ಸಹಜವಾದದ್ದು.