ವ್ಯಾಪಾರ ಕಲಿತ ಮಕ್ಕಳು ಕೆಡುತ್ತಾರೆಯೆ?

ಶಾಲೆಯ ಮಕ್ಕಳಿಗೆ ವ್ಯಾಪಾರ-ವಹಿವಾಟು ಕಲಿಸಬೇಕೆಂದು ಯಾರಾದರೂ ಬಾಯಿ ತೆರೆದರೆ ಸಾಕು, ನಮ್ಮ ಪೇಟೆಯ ವಿದ್ಯಾವಂತರಲ್ಲಿ ಎರಡು ಪಂಗಡದವರು ಒಡನೆಯೇ ಎದ್ದು ನಿಲ್ಲುತ್ತಾರೆ. ಮೊದಲನೆಯ ಪಂಗಡಕ್ಕೆ ಸರಸ್ವತಿಯ ಮಾನದ ಚಿಂತೆ. ಸರಸ್ವತಿ ಇದ್ದೆಡೆ ಲಕ್ಷ್ಮಿ ನಿಲ್ಲಳೆಂಬ ಹಳೆಯ ಮಾತನ್ನು ನೆಚ್ಚಿಕೊಂಡು, ಹಸುಳೆಗಳ ಕೈಗೆ ತಕ್ಕಡಿ ಕೊಟ್ಟರೆ ಅವರ ಮನಸ್ಸು ಕಲ್ಲಾದೀತೆಂದು ಇವರು ಮರುಗುತ್ತಾರೆ. ಮುಂದೆ ಬರುವ ಸಂಬಳದ ಲೆಕ್ಕ ಹಾಕಿಯೇ ತಮ್ಮ ಮಕ್ಕಳಿಗೆ ಕಾಲೇಜು ಆರಿಸುವವರೂ ಇವರೇ ಎಂಬುದು ಬೇರೆ ಮಾತು. ಎರಡನೆಯ ಪಂಗಡಕ್ಕೆ ಇದೊಂದು ಹೊಸ ಫ್ಯಾಷನ್ನು. ಬೇಸಗೆಯ ರಜೆಯಲ್ಲಿ ಕೈತುಂಬ ಶುಲ್ಕ ತೆತ್ತು ಹತ್ತು ವರ್ಷದ ಮಗನನ್ನು ‘ಉದ್ಯಮಶೀಲತೆ’ಯ ಶಿಬಿರಕ್ಕೆ ಸೇರಿಸಿ, ಅವನು ಟೈ ಕಟ್ಟಿಕೊಂಡು ‘ನನ್ನ ಕಂಪೆನಿ’ ಎಂದು ಒಪ್ಪಿಸುವುದನ್ನು ವಿಡಿಯೋ ಹಿಡಿದು ನೆಂಟರಿಗೆಲ್ಲ ಕಳಿಸುತ್ತಾರೆ. ನನಗೆ ಇಬ್ಬರ ಮೇಲೂ ಜಗಳವಿದೆ. ಜಗಳಕ್ಕೆ ಕಾರಣ ನಗರಗೆರೆಯ ಮಕ್ಕಳು.

ನಗರಗೆರೆ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. ಆಂಧ್ರದ ಗಡಿ ಮಗ್ಗುಲಲ್ಲೇ ಇದೆ, ಹಿಂದೂಪುರ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ಮಕ್ಕಳು ಆ ಕಡೆ ಬಹಳ. ಬಂಧುಬಳಗದ ನೆಪದಿಂದ ನಾನು ಅಲ್ಲಿಗೆ ಹೋಗಿ ಬರುವವನು. ಬೆಳಗಾಗುತ್ತಲೇ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುವ ಹುಡುಗಿಗೆ ಹಾಲಿನ ಬೆಲೆ ಬರಿಯ ಲೀಟರಿನ ಮೇಲಲ್ಲ, ಜಿಡ್ಡಿನ ಮೇಲೆಯೂ ನಿಂತಿದೆ ಎಂಬುದು ಗೊತ್ತು. ರೇಷ್ಮೆ ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಯಾವ ತಟ್ಟೆಯ ಹುಳು ಎಷ್ಟನೆಯ ಜ್ವರದಲ್ಲಿದೆ, ಯಾವುದು ಹಣ್ಣಾಯಿತು, ಯಾವಾಗ ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಐದನೆಯ ತರಗತಿಯ ಹುಡುಗ ನಮಗೆ ಪಾಠ ಹೇಳಿಯಾನು. ಇಂಥ ಮಕ್ಕಳಿಗೆ ವ್ಯಾಪಾರದ ಗಾಳಿ ಸೋಕಬಾರದೆನ್ನುವವರು ಕಪ್ಪೆಮರಿಗೆ ನೀರು ಸೋಕಬಾರದೆಂದೂ ಹೇಳಿಯಾರು.

ಗಾಳಿ ಸೋಕಿದೆ. ಆದರೆ ಲೆಕ್ಕ ಸೋಕಿಲ್ಲ. ನನ್ನ ತಕರಾರು ಇಷ್ಟೇ.

ನನ್ನ ನೆಂಟರ ಮನೆಯ ಒಬ್ಬ ಹುಡುಗ ಎಂಟನೆಯ ತರಗತಿಯಲ್ಲಿದ್ದ, ಗಣಿತದಲ್ಲಿ ಜಾಣ. ಬಡ್ಡಿ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಿದ್ದ. ನಾನು ಕೇಳಿದೆ: “ಬ್ಯಾಂಕಿನಲ್ಲಿ ಬಡ್ಡಿ 9, ಸಾಹುಕಾರನ ಹತ್ತಿರ ನೂರಕ್ಕೆ ಮೂರು. ಯಾವುದು ಅಗ್ಗ, ಹೇಳಪ್ಪ?” ಅವನು ತಡವರಿಸದೆ ಸಾಹುಕಾರನನ್ನೇ ಆರಿಸಿದ. ನೂರಕ್ಕೆ ಮೂರು ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36 ಎಂಬ ಮಾತನ್ನು ಅವನಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ. 20,000 ರೂಪಾಯಿ ಸಾಲಕ್ಕೆ ಬ್ಯಾಂಕಿನ ವರ್ಷದ ಬಡ್ಡಿ 1,800, ಸಾಹುಕಾರನದು 7,200. ಪುಸ್ತಕದ ಬಡ್ಡಿ ವರ್ಷದ್ದು, ಊರಿನ ಬಡ್ಡಿ ತಿಂಗಳದ್ದು. ಈ ಎರಡಕ್ಕೂ ನಡುವೆ ಸೇತುವೆ ಕಟ್ಟುವುದು ಶಾಲೆಯ ಕೆಲಸವಲ್ಲದೆ ಮತ್ತಾರದು?

ಇನ್ನು ವಾರದ ಕಂತಿನ ಕಥೆ. 10,000 ಸಾಲ, ವಾರಕ್ಕೆ 230ರಂತೆ 50 ವಾರ. ಒಟ್ಟು ಕಟ್ಟಿದ್ದು 11,500. ‘ಬಡ್ಡಿ ಬರೀ ಹದಿನೈದು’ ಎಂದು ಕೊಟ್ಟವರು ಹೇಳುತ್ತಾರೆ. ಆದರೆ ವಾರ ವಾರವೂ ಅಸಲು ಕರಗುತ್ತ ಬರುತ್ತದಲ್ಲ! ವರ್ಷವಿಡೀ ಸರಾಸರಿಯಲ್ಲಿ ಕೈಯಲ್ಲಿದ್ದ ಸಾಲ ಅರ್ಧದಷ್ಟೇ. ಹಾಗಾಗಿ ನಿಜವಾದ ಬಡ್ಡಿ ಹೇಳಿದ್ದರ ಸುಮಾರು ಎರಡರಷ್ಟು. ಇದನ್ನು ತಿಳಿಯಲು ಬಿ.ಕಾಂ. ಬೇಡ, ಏಳನೆಯ ತರಗತಿಯ ಗಣಿತ ಸಾಕು. ಕಿರುಸಾಲದ ವಸೂಲಿಯ ಕಾಟ ತಾಳಲಾರದೆ ಜನ ಊರು ಬಿಡುವಂತಾಗಿ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಬರಲಿ, ಒಳ್ಳೆಯದೇ. ಆದರೆ ಹೆಬ್ಬೆಟ್ಟು ಒತ್ತುವ ತಾಯಿಯ ಪಕ್ಕದಲ್ಲಿ ಲೆಕ್ಕ ಬಲ್ಲ ಮಗಳೊಬ್ಬಳು ಕುಳಿತಿದ್ದರೆ ಅರ್ಧ ಕಾಟ ಬಾಗಿಲಲ್ಲೇ ನಿಲ್ಲುತ್ತಿತ್ತು.

ರೇಷ್ಮೆಯ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. ನೂರು ಮೊಟ್ಟೆ ಮೇಯಿಸಿದರೆಂದರೆ ನೂರೇ ಹುಳು ಎಂದು ಪೇಟೆಯವರು ತಿಳಿದಾರು. ಒಂದೊಂದು ಮೊಟ್ಟೆಯೆಂದರೆ ಒಂದು ಚಿಟ್ಟೆಯಿಟ್ಟ ನಾನ್ನೂರು ಐನೂರು ಮರಿಗಳ ರಾಶಿ. ನಲವತ್ತು ಐವತ್ತು ಸಾವಿರ ಬಾಯಿಗೆ ಹಗಲೂ ರಾತ್ರಿಯೂ ಹಿಪ್ಪುನೇರಳೆ ಸೊಪ್ಪು ಬೇಕು. ನಾಲ್ಕನೆಯ ಜ್ವರ ಎದ್ದ ಮೇಲಂತೂ ಮನೆಮಂದಿಗೆ ನಿದ್ದೆಯಿಲ್ಲ. ಬೆಳೆ ಕೈಗೆ ಹತ್ತಿ 60 ಕಿಲೋ ಗೂಡು ಬಂತೆನ್ನೋಣ, ಕಿಲೋಗೆ 500 ರೂಪಾಯಿ ಎಂದೇ ಇಟ್ಟುಕೊಳ್ಳೋಣ. 30,000 ಬಂತು. ಚಾಕಿ ಹುಳುವಿಗೆ ಕೊಟ್ಟದ್ದೆಷ್ಟು, ಸುಣ್ಣಕ್ಕೆ, ಔಷಧಿಗೆ, ಗೊಬ್ಬರಕ್ಕೆ, ಕೊಳವೆಬಾವಿಗೆ ಮಾಡಿದ ಸಾಲದ ಬಡ್ಡಿಗೆ ಹೋದದ್ದೆಷ್ಟು? ಗೂಡನ್ನು ಹತ್ತಿರದ ಹಿಂದೂಪುರದ ಮಾರುಕಟ್ಟೆಗೆ ಒಯ್ಯುವುದೋ, ದೊಡ್ಡ ಹರಾಜು ನಡೆಯುವ ಶಿಡ್ಲಘಟ್ಟಕ್ಕೆ ಒಯ್ಯುವುದೋ? ಕಿಲೋಗೆ ಎಷ್ಟು ಹೆಚ್ಚು ಸಿಕ್ಕರೆ ದೂರದ ಬಾಡಿಗೆ ಗಿಟ್ಟೀತು? ಮಿಶ್ರತಳಿಯ ಏಳೆಂಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಎಂದರೆ, ಕೊಂಡುಕೊಂಡ ರೀಲರಿನವನಿಗೆ ಉಳಿಯುವುದೇನು? ಅವನೂ ಸಾಲಗಾರನೇ ಇರಬಹುದಲ್ಲವೆ? ಒಂದು ತರಗತಿಗೆ ವರ್ಷವಿಡೀ ಸಾಲುವಷ್ಟು ಗಣಿತ, ವಿಜ್ಞಾನ, ಸಮಾಜಶಾಸ್ತ್ರ ಒಂದು ತಟ್ಟೆ ಹುಳುವಿನಲ್ಲಿದೆ. ಅದನ್ನು ಬಿಟ್ಟು ನಮ್ಮ ಮಕ್ಕಳು ಕಂಡರಿಯದ ರಾಮು-ಶಾಮುಗಳ ಪಾಲುದಾರಿಕೆಯ ಲಾಭ ಹಂಚುತ್ತ ಕುಳಿತಿರುತ್ತಾರೆ.

ಈ ಲೆಕ್ಕದಲ್ಲಿ ಒಂದು ಸಾಲು ಯಾವಾಗಲೂ ಖಾಲಿ. ಸೊಪ್ಪು ಕೊಯ್ದ ಅಮ್ಮನ ಕೂಲಿ ಎಷ್ಟು? ಯಾರೂ ಬರೆಯುವುದಿಲ್ಲ. ಆ ಸಾಲನ್ನು ತುಂಬಿ ಕೂಡಿದರೆ ‘ಲಾಭ’ವೆಂದು ಹೇಳಿಕೊಂಡ ಎಷ್ಟೋ ಬೆಳೆಗಳು ಅಮ್ಮನ ಪುಕ್ಕಟೆ ದುಡಿಮೆಯೇ ಎಂದು ಕಂಡುಬಂದೀತು. ಹೃದಯ ಕಲ್ಲಾಗುತ್ತದೆ ಎನ್ನುವ ಮಹನೀಯರು ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಬೇಕು. ಹದಿಮೂರು ವರ್ಷದ ಹುಡುಗ ತನ್ನ ಕೈಯಾರೆ ಆ ಸಾಲನ್ನು ತುಂಬಿದ ದಿನ ಅವನ ಹೃದಯ ಕಲ್ಲಾದೀತೆ, ಕರಗೀತೆ?

ವಿರೋಧಿಗಳ ಒಂದು ಮಾತು ಮಾತ್ರ ತೂಕದ್ದು. ‘ಕಲಿಕೆಯ ಹೆಸರಿನಲ್ಲಿ ಮಕ್ಕಳನ್ನು ದುಡಿಮೆಗೆ ಹಚ್ಚುತ್ತೀರಿ’ ಎಂಬ ಭಯ. ರೇಷ್ಮೆಯ ಸೀಮೆಯವರು ಈ ಮಾತನ್ನು ತಳ್ಳಿಹಾಕುವಂತಿಲ್ಲ. ನೂಲು ಬಿಚ್ಚುವ ಬಿಸಿನೀರಿನ ತೊಟ್ಟಿಯಲ್ಲಿ ಎಳೆಯ ಬೆರಳುಗಳು ಬೆಂದದ್ದು ನಮ್ಮ ಚರಿತ್ರೆಯೇ. ಭಾರತದ ರೇಷ್ಮೆ ಕಸುಬಿನಲ್ಲಿ ಜೀತಕ್ಕಿದ್ದ ಮಕ್ಕಳನ್ನು ಕುರಿತು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಹೊರತಂದ ವರದಿಯಲ್ಲಿ ಕರ್ನಾಟಕವೂ ಇದೆ. 1986ರ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಬಂದಾಗ, ಶಾಲೆಯ ವೇಳೆಯ ನಂತರ ಮನೆಯ ಕಸುಬಿನಲ್ಲಿ ನೆರವಾಗಲು ಮಕ್ಕಳಿಗೆ ಅವಕಾಶ ಉಳಿಸಿದರು. ಆ ಕಿಂಡಿಯಲ್ಲಿ ಏನೇನು ನುಸುಳಬಹುದೆಂಬುದು ನನಗೂ ಗೊತ್ತು. ಅದಕ್ಕಾಗಿಯೇ ಹೇಳುತ್ತೇನೆ: ನಾನು ಕೇಳುತ್ತಿರುವುದು ಮಕ್ಕಳು ಇನ್ನಷ್ಟು ದುಡಿಯಲಿ ಎಂದಲ್ಲ. ಅವರು ಈಗಾಗಲೇ ದುಡಿಯುತ್ತಿದ್ದಾರೆ. ದುಡಿಮೆಯ ಲೆಕ್ಕ ಕಲಿಯಲಿ ಎಂದು ಕೇಳುತ್ತಿದ್ದೇನೆ. ತನ್ನ ಒಂದು ಗಂಟೆಯ ಬೆಲೆ ಬಲ್ಲ ಹುಡುಗನನ್ನು ಜೀತಕ್ಕಿಡುವುದು ಸುಲಭವಲ್ಲ.

‘ಶಾಲೆಗಳಲ್ಲಿ ಈಗ ಮಕ್ಕಳ ಸಂತೆ ಮಾಡುತ್ತಾರಲ್ಲ’ ಎನ್ನಬಹುದು. ಮಾಡುತ್ತಾರೆ, ಮೆಟ್ರಿಕ್ ಮೇಳವೆಂದೂ ಕರೆಯುತ್ತಾರೆ. ಮಾಡುವ ಮೇಷ್ಟರ ಉತ್ಸಾಹವನ್ನು ನಾನು ಹಳಿಯುವುದಿಲ್ಲ. ನಾನು ಕಂಡ ಒಂದು ಸಂತೆಯಲ್ಲಿ ತೋಟದ ಸೊಪ್ಪನ್ನು ಅಪ್ಪ ಕಟ್ಟಿಕೊಟ್ಟಿದ್ದ, ಚುರುಮುರಿಯನ್ನು ಅಮ್ಮ ಕಲಸಿಕೊಟ್ಟಿದ್ದಳು. ಮೇಷ್ಟರು, ಊರ ಪ್ರಮುಖರು ಬಂದು ಚೌಕಾಸಿಯಿಲ್ಲದೆ ಕೊಂಡರು, ಫೋಟೋ ತೆಗೆಸಿಕೊಂಡರು. ಹನ್ನೆರಡು ಗಂಟೆಗೆಲ್ಲ ಮಾಲು ಖಾಲಿ. ಬಂದ ದುಡ್ಡೆಲ್ಲ ಲಾಭವೆಂದೇ ಮಕ್ಕಳು ನಂಬಿ ಮನೆಗೆ ಹೋದರು! ಬಂಡವಾಳ ಯಾರದು, ಉಳಿದ ಸೊಪ್ಪು ಬಾಡಿದರೆ ಏನು ಗತಿ, ಸಾಲ ಹೇಳಿ ಹೋದವನನ್ನು ಕೇಳುವುದು ಹೇಗೆ, ಇವು ಯಾವುವೂ ಆ ಸಂತೆಯಲ್ಲಿ ಇರಲಿಲ್ಲ. ನಷ್ಟವಿಲ್ಲದ ಸಂತೆ ನಾಟಕದ ಸಂತೆ. ದೆಹಲಿಯಲ್ಲಿ 2019ರಲ್ಲಿ ಸರ್ಕಾರಿ ಶಾಲೆಗಳಿಗೆ ಉದ್ಯಮಶೀಲತೆಯ ಪಠ್ಯಕ್ರಮ ತಂದು, 2021ರಲ್ಲಿ ಮೇಲಿನ ತರಗತಿಯವರಿಗೆ ತಲಾ 2,000 ರೂಪಾಯಿ ಮೂಲಧನವನ್ನೂ ಕೊಟ್ಟರು. ಧೈರ್ಯದ ಹೆಜ್ಜೆ. ಆದರೆ ಅದರ ಸುತ್ತ ಹಬ್ಬಿದ್ದು ಗೆದ್ದವರ ಮೆರವಣಿಗೆಯ ಸದ್ದೇ. ಸೋತವರು ಕಲಿತದ್ದನ್ನು ಕೇಳಲು ನನಗೆ ಹೆಚ್ಚು ಕುತೂಹಲ.

ಇದೇನೂ ಪರದೇಶದಿಂದ ಆಮದಾದ ವಿದ್ಯೆಯಲ್ಲ. ನಮ್ಮ ಕೂಲಿಮಠಗಳಲ್ಲಿ ಹುಡುಗರು ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ಬಾಯಿಪಾಠ ಮಾಡುತ್ತಿದ್ದುದು ಪೇಟೆಯ ಬೀದಿಯಲ್ಲಿ ಮೋಸಹೋಗದಿರಲೆಂದೇ. 1957ರಲ್ಲಿ ನಯಾಪೈಸೆ ಬಂತು, ಹಿಂದೆಯೇ ಕಿಲೋ ಲೀಟರುಗಳು ಬಂದವು. ಆ ಮಗ್ಗಿ ಹೋಯಿತು, ಹೋಗಲಿ. ಅದರ ಜೊತೆಗೆ ಅಂಗಡಿಯ ಕಡೆಗಿದ್ದ ಶಾಲೆಯ ಕಿಟಕಿಯೂ ಮುಚ್ಚಿತು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕಸುಬಿನ ಮೂಲಕ ವಿದ್ಯೆ ಎಂದಾಗ ನಮ್ಮ ಓದಿದವರು ಕೈಮುಗಿದು, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರು. ಮುದ್ದೇನಹಳ್ಳಿ ಇದೇ ಚಿಕ್ಕಬಳ್ಳಾಪುರ ಜಿಲ್ಲೆಯದು. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕೂ ಬಂತು, ಕಡ್ಡಾಯ ಶಿಕ್ಷಣದ ಕಾನೂನೂ ಬಂತು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡನ್ನು ಬೇರೆಬೇರೆ ಮನೆಯಲ್ಲಿ ಬೆಳೆಸಿದವರು ನಾವು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ಏಕೆ, ಹೇಗೆ ಎಂದು ಕೇಳದೆ ಏನನ್ನೂ ಒಪ್ಪಬಾರದೆಂದು ಬಾಳೆಲ್ಲ ಮಕ್ಕಳಿಗೆ ಹೇಳಿದರು. ಆ ಪ್ರಶ್ನೆಯನ್ನು ನಾವು ಪವಾಡದ ಬಾಬಾಗಳಿಗೆ ಕೇಳಿ ಸುಮ್ಮನಾದೆವು. ಗೂಡಿನ ಬೆಲೆಯನ್ನೂ ಕೇಳಬಹುದಿತ್ತು.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ಶಾಲೆಗೊಂದು ತಕ್ಕಡಿ, ತರಗತಿಗೊಂದು ಜಮಾ-ಖರ್ಚಿನ ಪುಸ್ತಕ, ಮಗುವಿಗೊಂದು ಮನೆಯ ಬೆಳೆ ಅಥವಾ ಹಸು. ಎಂಟು ತಿಂಗಳು ಬರೆಯಲಿ. ಬ್ಯಾಂಕಿನ ಮ್ಯಾನೇಜರು, ಡೈರಿಯ ಕಾರ್ಯದರ್ಶಿ, ಒಬ್ಬ ರೀಲರು ವರ್ಷಕ್ಕೊಮ್ಮೆ ಬಂದು ಮಕ್ಕಳ ಪ್ರಶ್ನೆಗೆ ಉತ್ತರ ಕೊಡಲಿ. ಶಿಡ್ಲಘಟ್ಟದ ಹರಾಜಿಗೆ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಬೆಂಗಳೂರಿನ ತಂದೆತಾಯಿಗಳೂ ಶಿಬಿರದ ಶುಲ್ಕ ಉಳಿಸಿ, ಮನೆಯ ಕರೆಂಟು ಬಿಲ್ಲು, ಕಾರಿನ ಕಂತು, ಕೆಲಸದಾಕೆಯ ಸಂಬಳ ಇವನ್ನು ಮಗನ ಮುಂದೆ ಬಿಚ್ಚಿಡಲಿ. ಕೊನೆಯದನ್ನು ಅವನು ಕಾರಿನ ಕಂತಿನ ಪಕ್ಕದಲ್ಲಿಟ್ಟು ನೋಡಿದಾಗ ಏನಾದರೂ ಕೇಳಿದರೆ ಬೈಯದಿರಲಿ.

ಈ ಮಾತನ್ನು ಆ ಕಡೆಯ ಒಬ್ಬ ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, “ಎಲ್ಲ ಸರಿ ಸ್ವಾಮಿ, ಆದರೆ ಪುಸ್ತಕದ ಕೊನೆಯಲ್ಲಿ ಮಗುವಿಗೆ ತನ್ನ ಮನೆ ನಷ್ಟದಲ್ಲಿದೆ ಎಂದು ಗೊತ್ತಾದರೆ ಏನು ಮಾಡೋಣ?” ಎಂದರು. ಅದು ಆ ಮಗುವಿಗೆ ಈಗಲೂ ಗೊತ್ತು, ಎಷ್ಟು ಎಂಬುದೊಂದು ಗೊತ್ತಿಲ್ಲ ಎಂದೆ.