ಸಿಲಿಕಾನ್ ಮೇಲೆ ಬಣ್ಣ ನಿಲ್ಲಲ್ಲ

ರೋಲರ್ ಎಳೆದೆ. ಗೋಡೆ ಪೂರ್ತಿ ಚೆನ್ನಾಗಿ ಬಣ್ಣ ಹಿಡೀತು, ಕಿಟಕಿ ಫ್ರೇಮಿನ ಸುತ್ತ ಒಂದು ಬೆರಳಗಲದ ಗೆರೆ ಬಿಟ್ಟು. ಅಲ್ಲಿ ಮಾತ್ರ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಬಣ್ಣ ಹನಿಹನಿಯಾಗಿ ಸರಿದು ನಿಂತಿತು. ಮತ್ತೊಮ್ಮೆ ಎಳೆದೆ. ಮತ್ತೆ ಅದೇ ಕತೆ. ಶನಿವಾರ ರಾತ್ರಿ ಹನ್ನೊಂದು ಗಂಟೆ. ಸೋಮವಾರ ಬೆಳಗ್ಗೆ ಅಮ್ಮ ಬರ್ತಾಳೆ.

ಅಪ್ಪ ಹೋದ ಮೇಲೆ ಎರಡು ವರ್ಷ ಅಮ್ಮ ಸಕಲೇಶಪುರದ ಮನೆಯಲ್ಲಿ ಒಬ್ಬಳೇ ಇದ್ದಳು. ಎಷ್ಟು ಕರೆದರೂ "ನಿಮ್ಮ ಬೆಂಗಳೂರು ನಂಗಾಗಲ್ಲ ಪುಟ್ಟಿ" ಅನ್ನೋ ಒಂದೇ ಉತ್ತರ. ಈ ಸಲ ಮಳೆ ಶುರುವಾಗುತ್ತಿದ್ದ ಹಾಗೇ ಉಬ್ಬಸ ಹೆಚ್ಚಾಯಿತು. ತೇವ, ಬೂಷ್ಟು ಇರೋ ಕೋಣೆಯಲ್ಲಿ ಮಲಗಲೇಬಾರದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ನಾನು ಫೋನಿನಲ್ಲಿ ದೊಡ್ಡದಾಗಿ, "ನಮ್ಮನೆ ಬೆಚ್ಚಗಿದೆ ಅಮ್ಮ, ಬಂದ್ಬಿಡು" ಅಂದೆ. ಅವಳು ಒಪ್ಪಿಯೂಬಿಟ್ಟಳು.

ಆಮೇಲೆ ಹೋಗಿ ಆ ಖಾಲಿ ಕೋಣೆ ನೋಡಿದೆ. ಕಿಟಕಿಯ ಕೆಳಮೂಲೆಯಲ್ಲಿ ಪೇಂಟ್ ಉಬ್ಬಿ, ಅಂಗೈಯಗಲ ಕಪ್ಪು ಕಲೆ. ಇಸ್ತ್ರಿ ಬಟ್ಟೆ, ಖಾಲಿ ಸೂಟ್‌ಕೇಸ್ ತುಂಬಿಕೊಂಡಿದ್ದ ಆ ಕೋಣೆಯನ್ನು ನಾನು ಸರಿಯಾಗಿ ನೋಡೇ ಎಷ್ಟೋ ತಿಂಗಳಾಗಿತ್ತು.

ಎರಡು ವಿಡಿಯೋ ನೋಡಿದೆ. ಹಾರ್ಡ್‌ವೇರ್ ಅಂಗಡಿಗೆ ಹೋಗಿ "ನೀರು ಒಂದು ಹನಿಯೂ ಬರಬಾರದು, ಅಂಥದ್ದು ಕೊಡಿ" ಅಂದೆ. ಅವರು ಸಿಲಿಕಾನ್ ಟ್ಯೂಬ್, ಗನ್ ಕೊಟ್ಟರು. ಅವರದೇನೂ ತಪ್ಪಿಲ್ಲ. ಅದರ ಮೇಲೆ ಬಣ್ಣ ಹೊಡೀತೀನಿ ಅಂತ ನಾನು ಹೇಳಿರಲಿಲ್ಲ. ಫ್ರೇಮ್ ಸುತ್ತಲೂ ಒಳಗಡೆಯಿಂದ ಹಚ್ಚಿದೆ. ಕೆಳಗಿನ ಟ್ರ್ಯಾಕಿನಲ್ಲಿ ಸಣ್ಣ ಸಣ್ಣ ಸೀಳು ಕಂಡವು. ನೀರು ಬರೋದು ಇಲ್ಲಿಂದಲೇ ಅಂತ ಅವನ್ನೂ ತುಂಬಿದೆ. ಕೋಣೆಯೆಲ್ಲ ವಿನಿಗರ್ ವಾಸನೆ. ಮಾರನೇ ರಾತ್ರಿ ರೋಲರ್ ಹಿಡಿದೆ.

ಮೂರು ಕೋಟ್ ಮೇಲೆ ಮೂರು ಕೋಟ್ ಬಳಿದು ಆ ಗೆರೆಯನ್ನು ಹೇಗೋ ಮುಚ್ಚಿದೆ. ಭಾನುವಾರ ಫ್ಯಾನ್ ಹಾಕಿ ಒಣಗಿಸಿ, ಹೊಸ ಪರದೆ ಕಟ್ಟಿ, ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. "ಸೂಪರ್" ಅಂದಳು.

ಅಮ್ಮ ಬಂದ ಐದನೇ ದಿನ ಜೋರು ಮಳೆ. ಆಫೀಸಿಂದ ಬಂದು ನೋಡಿದರೆ ಮಂಚ ಗೋಡೆಯಿಂದ ಎರಡು ಅಡಿ ಈಚೆ ಬಂದಿದೆ. ಫ್ರೇಮಿನ ಪಕ್ಕದ ಬಣ್ಣ ಆರಿದ ಹಾಲಿನ ಕೆನೆಯ ಹಾಗೆ ಉದ್ದಕ್ಕೆ ಸುಲಿದು ನೇತಾಡುತ್ತಿದೆ. ಟ್ರ್ಯಾಕಿನಲ್ಲಿ ನೀರು ತುಂಬಿ ಒಳಗೆ ಹರಿದು, ಗೋಡೆ ಹಸಿ ಹಸಿ. ಅಮ್ಮ ಏನೂ ಬೈಯಲಿಲ್ಲ. "ಇವತ್ತು ಹಾಲ್‌ನಲ್ಲೇ ಮಲಗ್ತೀನಿ ಬಿಡು. ಮಳೆ ಕಡಿಮೆಯಾದ ಮೇಲೆ ಊರಿಗೆ ಹೋದ್ರಾಯ್ತು" ಅಂದಳು. ಬೈದಿದ್ದರೇ ಚೆನ್ನಾಗಿತ್ತು. ಆ ರಾತ್ರಿ ಹಾಲ್‌ನಿಂದ ಇನ್‌ಹೇಲರ್ ಸದ್ದು ಎರಡು ಸಲ ಕೇಳಿಸ್ತು.

ಮಾರನೇ ದಿನ ರಜೆ ಹಾಕಿ, ನಮ್ಮ ಅಪಾರ್ಟ್‌ಮೆಂಟಿನ ಪೇಂಟರ್ ಅಣ್ಣನನ್ನು ಕರೆದೆ. ಅವರು ಉಗುರಿನಲ್ಲಿ ಗೆರೆ ಒತ್ತಿ ನೋಡಿದರು. ರಬ್ಬರಿನ ಹಾಗೆ ಕುಪ್ಪಳಿಸ್ತು. "ಮೇಡಂ, ಇದು ಸಿಲಿಕಾನ್. ಇದರ ಮೇಲೆ ಯಾವ ಪೇಂಟೂ ಕೂರಲ್ಲ. ಎಷ್ಟು ದಿನ ಬಿಟ್ಟು ಹೊಡೆದ್ರೂ ಅಷ್ಟೇ."

ನಾನು ಒಂದು ದಿನ ಇನ್ನೂ ಕಾಯಬೇಕಿತ್ತೇನೋ ಅಂದುಕೊಂಡಿದ್ದೆ. ವಿಷಯ ಅದಲ್ಲ. ಸಿಲಿಕಾನ್‌ನ ಮೇಲ್ಮೈಗೆ ನೀರನ್ನು ದೂರ ತಳ್ಳುವ ಗುಣ. ಅದಕ್ಕೇ ಅದು ಬಾತ್‌ರೂಮಿನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತೆ, ಅದಕ್ಕೇ ಬಣ್ಣವನ್ನೂ ಹತ್ತಿರ ಸೇರಿಸಲ್ಲ. ಸಾಲದ್ದಕ್ಕೆ ಅದು ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತೆ. ಗಟ್ಟಿ ಬಣ್ಣದ ಪದರ ಜೊತೆಗೆ ಹಿಗ್ಗಲಾರದೆ ಬಿರಿಯುತ್ತೆ.

ಟ್ರ್ಯಾಕಿನ ಸೀಳುಗಳನ್ನು ನೋಡಿ ಅವರು ಸುಮ್ಮನೆ ನಕ್ಕರು. ಸ್ಲೈಡಿಂಗ್ ಕಿಟಕಿಗೆ ಹೊಡೆದ ಮಳೆನೀರು ಟ್ರ್ಯಾಕಿಗೆ ಬರೋದು ಸಹಜ. ಅದು ಹೊರಗೆ ಹರಿದು ಹೋಗಲಿ ಅಂತಲೇ ಆ ಸೀಳು ಬಿಟ್ಟಿರ್ತಾರೆ. ಅದನ್ನು ಮುಚ್ಚಿ, ನೀರಿಗೆ ಕೋಣೆಯ ದಾರಿ ತೋರಿಸಿದ್ದು ನಾನೇ! ಮೊದಲಿದ್ದ ಕಲೆಗೆ ಕಾರಣ, ಹೊರಗಡೆ ಫ್ರೇಮ್ ಮತ್ತು ಗೋಡೆಯ ನಡುವಿನ ಹಳೇ ಸೀಲೆಂಟ್ ಬಿಟ್ಟುಕೊಂಡಿದ್ದು. ನೀರನ್ನು ಹೊರಗೇ ತಡೀಬೇಕು. ಒಳಗಿಂದ ಮುಚ್ಚಿದರೆ ಅದು ಗೋಡೆಯೊಳಗೇ ಕೂರುತ್ತೆ.

ಮುಂದಿನ ಕೆಲಸ ನಿಧಾನದ್ದು. ಬ್ಲೇಡಿನಿಂದ ಗೆರೆಯ ಎರಡೂ ಅಂಚು ಕೊಯ್ದು ಸಿಲಿಕಾನನ್ನು ದಾರದ ಹಾಗೆ ಎಳೆದರು. ಉಳಿದದ್ದನ್ನು ಕೆರೆದು, ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರು. ತೆಳು ಪದರ ಉಳಿದರೂ ಅಲ್ಲಿ ಪ್ರೈಮರ್ ಕೂಡ ಹಿಡಿಯಲ್ಲ. ಆ ಧೂಳು ಅಮ್ಮನಿಗೆ ಆಗದು ಅಂತ ಅವತ್ತು ಅವಳನ್ನು ಅಕ್ಕನ ಮನೆಗೆ ಬಿಟ್ಟು ಬಂದೆ. ನಮ್ಮದು ಮೂರನೇ ಮಹಡಿ. ಹೊರಗಿನ ಸಂದಿಗೆ ಹಗ್ಗ ಕಟ್ಟಿ ಇಳಿಯುವ ಕೆಲಸದವರೇ ಬಂದರು. ದಯವಿಟ್ಟು ಇದನ್ನು ನೀವು ಕಿಟಕಿಯಿಂದ ಬಗ್ಗಿ ಮಾಡಲು ಹೋಗಬೇಡಿ.

ಆಮೇಲೆ ಕಾಯೋದು. ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿದರು. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ ಅಂತ. ಹನಿ ನಿಲ್ಲುವ ಹೊತ್ತಿಗೆ ಎರಡು ವಾರವೇ ಆಯಿತು. ಆಮೇಲೆಯೇ ಪುಟ್ಟಿ, ಪ್ರೈಮರ್, ಎರಡು ಕೋಟ್ ಬಣ್ಣ. "ಇಲ್ಲಿ ಪುಟ್ಟಿ ಸರಿಯಾಗಿ ಕೂತಿಲ್ಲ" ಅಂತ ಅವರು ಅಂದಾಗ, ಊಟ ಮಾಡುತ್ತಿದ್ದ ಅಮ್ಮ "ನಮ್ಮ ಪುಟ್ಟಿ ಚಿಕ್ಕೋಳಿಂದಲೂ ಹಂಗೇ" ಅಂದಳು. ಬಂದ ಮೇಲೆ ಅವಳು ಮೊದಲ ಸಲ ನಕ್ಕಿದ್ದು ಆವಾಗ.

ನೀವೂ ಈ ವೀಕೆಂಡ್ ಗನ್ ಹಿಡಿಯೋರಿದ್ದರೆ, ನಾನು ದುಡ್ಡು ಕೊಟ್ಟು ಕಲಿತ ಪಾಠಗಳು ಇಲ್ಲಿವೆ.

• ಬಣ್ಣ ಬಳಿಯೋ ಜಾಗಕ್ಕೆ ಅಕ್ರಿಲಿಕ್ ಸೀಲೆಂಟ್. ಬಾಗಿಲ ಚೌಕಟ್ಟು, ಗೋಡೆ ಸೇರುವ ಸಂದು, ಸೀಲಿಂಗ್ ಅಂಚಿನ ಬಿರುಕು ಇಂಥ ಕಡೆ ಇದು ಸರಿ. ಟ್ಯೂಬ್ ಮೇಲೆ "ಪೇಂಟೆಬಲ್" ಅಂತ ಇದೆಯಾ ನೋಡಿ. "ಸಿಲಿಕೊನೈಸ್ಡ್ ಅಕ್ರಿಲಿಕ್" ಅಂತಿದ್ದರೆ ಹೆಸರು ಕೇಳಿ ಹೆದರಬೇಡಿ, ಅದು ಅಕ್ರಿಲಿಕ್ಕೇ.

• ಅಕ್ರಿಲಿಕ್‌ನಲ್ಲಿ ನೀರಿನಂಶ ಇರುವುದರಿಂದ ಒಣಗುವಾಗ ಸ್ವಲ್ಪ ಕುಗ್ಗುತ್ತೆ. ಅಗಲ ಸಂದಿಗೆ ಎರಡು ಸಲ ಹಚ್ಚಿ. ಟ್ಯೂಬ್ ಮೇಲೆ ಕೆಲವೇ ಗಂಟೆ ಅಂತ ಇದ್ದರೂ ಮಳೆಗಾಲದಲ್ಲಿ ಪೂರ್ತಿ ಒಂದು ದಿನ ಬಿಟ್ಟು ಬಣ್ಣ ಬಳಿಯಿರಿ.

• ಸಿಲಿಕಾನ್ ಸಿಂಕ್, ಶವರ್, ಟೈಲ್ಸ್, ಗಾಜಿನ ಅಂಚಿಗೆ. ಅದಕ್ಕೆ ಬಣ್ಣ ಬೇಡ, ಬೇಕಾದ ಬಣ್ಣದ್ದೇ ಟ್ಯೂಬ್ ಕೇಳಿ ತನ್ನಿ. ವಿನಿಗರ್ ವಾಸನೆ ಬರೋದು ಸಿಮೆಂಟ್ ಗೋಡೆಗೆ ಆಗಿಬರಲ್ಲ. ಅಲ್ಲಿಗೆ ನ್ಯೂಟ್ರಲ್ ಸಿಲಿಕಾನ್ ಕೇಳಿ.

• ಕೆಲಸದ ಕ್ರಮ ಹೀಗಿರಲಿ: ಮೊದಲು ಅಕ್ರಿಲಿಕ್, ಆಮೇಲೆ ಬಣ್ಣ, ಕೊನೆಗೆ ಸಿಲಿಕಾನ್. ಸಿಲಿಕಾನ್ ಮೆತ್ತಿದ ಬೆರಳನ್ನು ಗೋಡೆಗೆ ಒರೆಸಿದರೂ ಅಲ್ಲಿ ಬಣ್ಣ ನಿಲ್ಲಲ್ಲ.

• ಹಳೇ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಕೂಡ ಸರಿಯಾಗಿ ಅಂಟಲ್ಲ. ಪೂರ್ತಿ ಕಿತ್ತು ಹಚ್ಚಿ.

• ಅಲುಗಾಡುವ ಸಂದಿಗೆ ವೈಟ್ ಸಿಮೆಂಟ್ ತುಂಬಬೇಡಿ. ಮರದ ಚೌಕಟ್ಟು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಸಿಮೆಂಟ್ ಬಿರಿದೇ ಬಿರಿಯುತ್ತೆ.

ಬಣ್ಣ ಯಾವುದಿರಲಿ ಅಂತ ಈ ಸಲ ನಾನು ತೀರ್ಮಾನ ಮಾಡಲಿಲ್ಲ, ಅಮ್ಮನನ್ನೇ ಕೇಳಿದೆ. ಶೇಡ್ ಕಾರ್ಡನ್ನು ಕಿಟಕಿ ಹತ್ತಿರ ಹಿಡಿದು ಅರ್ಧ ಗಂಟೆ ನೋಡಿ, ತಿಳಿ ಹಸಿರು ಆರಿಸಿದಳು. ಊರಿನ ಜಗುಲಿಯ ಬಣ್ಣ ಅದು. ಮೊದಲ ಸಲವೇ ಕೇಳಬೇಕಿತ್ತು. ಅವಳು ಬರುವ ಮೊದಲೇ ಎಲ್ಲ ಸರಿಯಾಗಿ ಕಾಣಬೇಕು ಅನ್ನೋ ಆತುರದಲ್ಲಿ, ಸರಿ ಇರೋದಕ್ಕಿಂತ ಸರಿ ಕಾಣೋದಕ್ಕೇ ಹೆಚ್ಚು ಒದ್ದಾಡಿದ್ದೆ.

ಕಳೆದ ವಾರ ಮತ್ತೆ ಜೋರು ಮಳೆ ಬಂತು. ಮೀಟಿಂಗ್ ಮಧ್ಯೆ ಅಮ್ಮನ ಫೋನ್. ಎದೆ ಧಸಕ್ಕೆಂದಿತು.

"ಏನಾಯ್ತಮ್ಮಾ?"

"ಏನಿಲ್ಲ. ಮೂಲೆ ಮುಟ್ಟಿ ನೋಡಿದೆ, ಒಣಗಿದೆ. ಮಂಚ ವಾಪಸ್ ಗೋಡೆ ಹತ್ರ ತಳ್ಳಬೇಕು, ಒಬ್ಬಳ ಕೈಲಿ ಆಗಲ್ಲ. ಬೇಗ ಬಾ."