ಕೊಲ್ಹಾಪುರದ ಕೆರೆಗಳು: ವಿಹಾರವೂ ನೀರಿನ ಲೆಕ್ಕವೂ

ಕೊಲ್ಹಾಪುರವೆಂದರೆ ನಮ್ಮ ಕಡೆಯವರಿಗೆ ಮಹಾಲಕ್ಷ್ಮಿಯ ದರ್ಶನ, ಅಲ್ಲಿಂದ ನರಸೋಬವಾಡಿ, ಮರಳಿ ಊರು. ಇತ್ತೀಚಿನ ವರ್ಷಗಳಲ್ಲಿ ಈ ಯಾತ್ರೆಗೆ ವಿಹಾರವೂ ಸೇರಿಕೊಂಡಿದೆ. ಕಾರು ಮಾಡಿಕೊಂಡು ಹೋದವರು ರಾಧಾನಗರಿಯ ಜಲಾಶಯ ನೋಡಿ, ದಾಜಿಪುರದ ಕಾಡಿನಲ್ಲಿ ಕಾಟಿಗಳನ್ನು ಹುಡುಕುತ್ತಾರೆ. ಗಡಹಿಂಗ್ಲಜದ ದಾರಿ ಹಿಡಿದವರು ಸಾಮಾನಗಡ ಹತ್ತಿ, ಆಜರೆಯ ರಾಮತೀರ್ಥದಲ್ಲಿ ಹಿರಣ್ಯಕೇಶಿ ಧುಮುಕುವುದನ್ನು ಕಂಡು ಬರುತ್ತಾರೆ. ನೀರಿನ ದಂಡೆಯಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಹವ್ಯಾಸವೂ ಬೆಳೆಯುತ್ತಿದೆ. ಬೆಳೆಯಲಿ. ಆದರೆ ಈ ನೀರಿಗೆ ಬೇರೆ ವಾರಸುದಾರರಿದ್ದಾರೆ.

ರಾಧಾನಗರಿಯ ಅಣೆಕಟ್ಟು ಶಾಹೂ ಮಹಾರಾಜರ ಕನಸು. ಭೋಗಾವತಿ ನದಿಗೆ ಅಡ್ಡಲಾಗಿ ಅವರ ಕಾಲದಲ್ಲೇ ಕೆಲಸ ಆರಂಭವಾದರೂ ಅದು ಪೂರ್ತಿಯಾದದ್ದು ಸ್ವಾತಂತ್ರ್ಯಾನಂತರ. ನೀರು ಒಂದು ಮಟ್ಟಕ್ಕೇರಿದೊಡನೆ ತಾವಾಗಿಯೇ ತೆರೆದುಕೊಳ್ಳುವ ಅದರ ಏಳು ಬಾಗಿಲುಗಳನ್ನು ನೋಡಲು ಮಳೆಗಾಲದಲ್ಲಿ ಜನ ಸೇರುತ್ತಾರೆ. ಸುತ್ತಲಿನ ಅಭಯಾರಣ್ಯ 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ವಿಹಾರಸ್ಥಳವಾದ ಕೆರೆಯ ಗತಿಯೇನು ಎಂಬುದಕ್ಕೆ ನಗರದೊಳಗಿನ ರಂಕಾಳವೇ ಸಾಕ್ಷಿ. ಅಲ್ಲಿನ ನಂದಿ ದಿನಕ್ಕೊಂದು ಗೋಧಿಕಾಳಿನಷ್ಟು ಮುಂದೆ ಸರಿದು ಅಕ್ಕಿಕಾಳಿನಷ್ಟು ಹಿಂದೆ ಬರುತ್ತದಂತೆ. ಅದು ಕೆರೆ ಮುಟ್ಟಿದ ದಿನ ಪ್ರಳಯವೆಂದು ಊರವರ ಕತೆ. ನಂದಿಗಿಂತ ಮೊದಲೇ ಊರಿನ ಕೊಳಚೆ ಕೆರೆ ಮುಟ್ಟಿತು. ದಂಡೆಯಲ್ಲಿ ಸಂಜೆಯ ತಿಂಡಿ ಗಾಡಿಗಳಿಗೆ ಕೊರತೆಯಿಲ್ಲ. ನೀರಿಗೆ ಮಾತ್ರ ಪಾಚಿ, ಜಲಕಳೆ. ಶುದ್ಧಗೊಳಿಸಲು ಕೇಂದ್ರದ ಕೆರೆ ಸಂರಕ್ಷಣಾ ಯೋಜನೆಯ ಹಣವೂ ಬೇಕಾಯಿತು.

ಪಂಚಗಂಗೆಯದು ಇನ್ನೂ ಗಂಭೀರ. ಭೋಗಾವತಿಯನ್ನೂ ಕೂಡಿಸಿಕೊಂಡ ಈ ನದಿ ಕೊಲ್ಹಾಪುರದ ಕೊಳಚೆ ಹೊತ್ತು ಇಚಲಕರಂಜಿಗೆ ಬರುತ್ತದೆ. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡ ಆ ಮಗ್ಗಗಳ ಊರು ತನ್ನ ಬಣ್ಣದ ನೀರನ್ನೂ ಸೇರಿಸಿ ಮುಂದಕ್ಕೆ ಕಳಿಸುತ್ತದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಸಾವಿರಾರು ಮಂದಿ ಹಾಸಿಗೆ ಹಿಡಿದರು, ಸಾವುಗಳೂ ಸಂಭವಿಸಿದವು. ನಾವು ನರಸೋಬವಾಡಿಯಲ್ಲಿ ಕೈಮುಗಿದು ಮೀಯುವ ಸಂಗಮಕ್ಕೆ ಕೃಷ್ಣೆಯ ಜೊತೆ ಬಂದು ಸೇರುವುದು ಇದೇ ಪಂಚಗಂಗೆ.

ಆದುದರಿಂದಲೇ ಎಲ್ಲರ ಕಣ್ಣೂ ಈಗ ಘಟ್ಟದ ಬುಡದ ಜಲಾಶಯಗಳ ಮೇಲೆ ನೆಟ್ಟಿದೆ. ಕೊಲ್ಹಾಪುರ ನಗರ 2023ರಲ್ಲಿ ದೂಧಗಂಗೆಯ ಕಾಳಮ್ಮವಾಡಿ ಜಲಾಶಯದಿಂದ ನೇರ ಕೊಳವೆಯಲ್ಲಿ ನೀರು ತಂದುಕೊಂಡಿತು. ಇಚಲಕರಂಜಿಯೂ ದೂಧಗಂಗೆಯ ನೀರನ್ನೇ ಕೇಳಿತು. ಸುಳಕೂಡದ ಬಳಿ ನೀರೆತ್ತುವ ಆ ಯೋಜನೆಗೆ ಕಾಗಲ ಭಾಗದ ರೈತರು ಅಡ್ಡ ನಿಂತರು. ಅವರ ಆತಂಕವನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಕಾಳಮ್ಮವಾಡಿ ಎರಡು ರಾಜ್ಯಗಳ ಜಂಟಿ ಯೋಜನೆ, ಕರ್ನಾಟಕಕ್ಕೂ ಅದರಲ್ಲಿ ಪಾಲಿದೆ. ದೂಧಗಂಗೆ ಮುಂದೆ ಹರಿಯುವುದು ಚಿಕ್ಕೋಡಿ ಸೀಮೆಯ ಕನ್ನಡಿಗರ ಹೊಲಗಳ ನಡುವೆ.

ಹೀಗೆ ಊರುಗಳು ಕೊನೆಯ ಶುಚಿಯಾದ ನೀರಿಗಾಗಿ ಘಟ್ಟದ ಕಡೆ ಮುಖ ಮಾಡಿರುವಾಗಲೇ ಪ್ರವಾಸಿಗರೂ ಅದೇ ದಂಡೆಗೆ ಬರುತ್ತಿದ್ದಾರೆ. ಶೌಚಾಲಯ, ಕಸ ಹೊರಸಾಗಿಸುವ ವ್ಯವಸ್ಥೆ ಮೊದಲು, ಡೇರೆ ಆಮೇಲೆ ಎಂಬ ನಿಯಮ ಬೇಕು. ಇದು ಪ್ರವಾಸಿಗರ ಮೇಲಿನ ಮುನಿಸಲ್ಲ. ನದಿಗೆ ಕೊಳಚೆ ಬಿಡುವ ನಗರಸಭೆಗಳ ಪಾಪ ಅವರದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ನಗರಸಭೆಗಳು ಕೆಡಿಸಿದ್ದು ಊರ ಕೆಳಗಿನ ನೀರನ್ನು. ದಂಡೆಯಲ್ಲಿ ಬಿಟ್ಟುಬಂದ ಎಂಜಲು, ಬಾಟಲಿ ಸೇರುವುದು ಊರ ಮೇಲಿನ ನೀರಿಗೆ. ಮುಂದಿನ ಬಾರಿ ಮಹಾಲಕ್ಷ್ಮಿಯ ದರ್ಶನ ಮುಗಿಸಿ ಆ ಕಡೆ ತಿರುಗುವ ನಮ್ಮವರು ಕಾರಿನಲ್ಲಿ ಒಂದು ಖಾಲಿ ಗೋಣಿಯನ್ನೂ ಇಟ್ಟುಕೊಳ್ಳಲಿ.